ಮುಖ ತೊಳೀರಿ, ಬಣ್ಣ ತೊಳೆಯೋಕೆ ಹೋಗಬೇಡಿ



ಹೋದ ಭಾನುವಾರ ಒಂದು ಫೋಟೋ ಹಾಕಿದ್ದೆ. ನಮ್ಮ ಅಕ್ಕನ ಮಗಳು ಜಗಲಿ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ದಾಳೆ. ಮುಖದ ತುಂಬಾ ಕಡ್ಲೆಹಿಟ್ಟು, ಮೊಸರು. ನಾನು ಪಕ್ಕದಲ್ಲಿ ಕೂತು ಹಚ್ತಾ ಇದ್ದೀನಿ. "ಮನೆಯಲ್ಲೇ ಫೇಶಿಯಲ್" ಅಂತ ಒಂದು ಸಾಲು ಬರೆದಿದ್ದೆ, ಅಷ್ಟೇ.

ಅದಕ್ಕೆ ಎರಡು ಮೆಸೇಜು ಬಂದವು. ಒಂದು, ಹತ್ತಾರು ವರ್ಷ ಜೊತೆಗೆ ಹೋರಾಟ ಮಾಡಿದ ಸಂಗಾತಿಯದು. "ಏನಕ್ಕಾ, ನೀವೂ ಬೆಳ್ಳಗಾಗೋಕೆ ಹೊರಟ್ರಾ? ಅಂಬೇಡ್ಕರ್‌ವಾದಿಗಳಿಗೆ ಫೇಶಿಯಲ್ ಯಾಕೆ?" ಇನ್ನೊಂದು, ಹಾಸ್ಟೆಲ್‌ನಲ್ಲಿ ಓದ್ತಿರೋ ಒಬ್ಬ ಹುಡುಗಿಯದು. "ಅಕ್ಕಾ, ಬೆಳ್ಳಗಾಗೋ ಫೇಶಿಯಲ್ ಯಾವುದು ಹೇಳಿ, ಮುಂದಿನ ತಿಂಗಳು ಗಂಡಿನ ಕಡೆಯೋರು ನೋಡೋಕೆ ಬರ್ತಾರೆ."

ಇಬ್ಬರಿಗೂ ಒಂದೇ ಕಡೆ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಫೋಟೋ ಹಿಂದಿನ ಕತೆ. ಅವಳನ್ನ ಕೇಳಿ, ಅವಳು "ಬರಿ ಚಿಕ್ಕಮ್ಮ, ನನ್ನ ಥರದೋರು ಬಾಳ ಜನ ಇದ್ದಾರೆ" ಅಂದ ಮೇಲೇ ಬರೀತಿರೋದು.

ಎರಡು ವರ್ಷದ ಹಿಂದೆ ಅವಳಿಗೆ ಒಂದು ಸಂಬಂಧ ಬಂದಿತ್ತು. ನಮ್ಮವರೇ, ನಮ್ಮ ಜನವೇ. ಹುಡುಗಿ ಡಿಗ್ರಿ ಮಾಡಿದ್ದಾಳೆ, ಕೆಲಸಕ್ಕೆ ಹೋಗ್ತಾಳೆ ಅನ್ನೋದೆಲ್ಲ ಕೇಳಿಸ್ಕೊಂಡು, ಕಾಫಿ ಕುಡಿದು, ಹೊರಗೆ ಹೋದಮೇಲೆ ಫೋನಲ್ಲಿ ಹೇಳಿದ್ದು ಒಂದೇ ಮಾತು: "ಹುಡುಗಿ ಸ್ವಲ್ಪ ಬಣ್ಣ ಕಮ್ಮಿ." ಆಮೇಲೆ ಅವಳು ಯಾರೋ ಗೆಳತಿ ಮಾತು ಕೇಳಿ ಒಂದು ಮೆಡಿಕಲ್ ಶಾಪಿಂದ ಸಣ್ಣ ಟ್ಯೂಬು ತಂದ್ಲು. ಚೀಟಿ ಇಲ್ಲ, ಬಿಲ್ ಇಲ್ಲ. ರಾತ್ರಿ ಹಚ್ಚಿ ಮಲಗು ಅಂದರಂತೆ.

ಒಂದು ತಿಂಗಳಲ್ಲಿ ಬೆಳ್ಳಗಾದ್ಲು. ನಿಜವಾಗಲೂ. ಮನೆಯೋರಿಗೆಲ್ಲ ಖುಷಿ. ಇಲ್ಲಿ ನನ್ನ ತಪ್ಪು ಒಪ್ಕೋಬೇಕು. ಸಭೆಗಳಲ್ಲಿ ಬಣ್ಣದ ರಾಜಕಾರಣದ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಾನೇ ಅವಳ ಗಲ್ಲ ಹಿಡಿದು, "ಏನೇ, ಎಷ್ಟ್ ಚೆನ್ನಾಗಿ ಕಾಣ್ತಿದ್ದೀಯ!" ಅಂದಿದ್ದೆ. ಆ ಮಾತಿಗೆ ಅವಳು ಇನ್ನೂ ಮೂರು ಟ್ಯೂಬು ತಂದ್ಲು.

ಎಂಟು ತಿಂಗಳು ಕಳೆಯೋ ಹೊತ್ತಿಗೆ ಮುಖ ಉರಿಯೋಕೆ ಶುರುವಾಯ್ತು. ಬಿಸಿಲಿಗೆ ಹೋದ್ರೆ ಕೆಂಪಗೆ, ಒಲೆ ಮುಂದೆ ನಿಂತ್ರೆ ಕೆಂಪಗೆ. ಚರ್ಮ ಎಷ್ಟು ತೆಳುವಾಯ್ತು ಅಂದ್ರೆ ಕೆನ್ನೆ ಮೇಲೆ ರಕ್ತನಾಳದ ಗೆರೆಗಳು ಕಾಣ್ತಿದ್ದವು. ಗಲ್ಲದಲ್ಲಿ ಕೂದಲು, ಹಣೆ ತುಂಬ ಕೀವು ಗುಳ್ಳೆ. ಹಚ್ಚೋದು ಬಿಟ್ರೆ ಎರಡೇ ದಿನಕ್ಕೆ ಮುಖ ಊದ್ಕೊಂಡು ಬರ್ತಿತ್ತು, ಅದಕ್ಕೆ ಮತ್ತೆ ಹಚ್ಚೋಳು. ಸರ್ಕಾರಿ ಆಸ್ಪತ್ರೆ ಚರ್ಮದ ಡಾಕ್ಟರು ಟ್ಯೂಬು ತಿರುಗಿಸಿ ನೋಡಿ, "ಇದು ಫೇರ್‌ನೆಸ್ ಕ್ರೀಮ್ ಅಲ್ಲಮ್ಮ, ಸ್ಟಿರಾಯ್ಡ್" ಅಂದ್ರು. ಅದನ್ನ ಹಂತ ಹಂತವಾಗಿ ಬಿಡಿಸಿ, ಮುಖ ತಹಬದಿಗೆ ಬರೋಕೆ ಒಂದು ವರ್ಷದ ಮೇಲಾಯ್ತು.

ಹೋದ ಭಾನುವಾರ ಅವಳಾಗೇ ಬಂದು ಕೇಳಿದ್ಲು: "ಚಿಕ್ಕಮ್ಮ, ಡಾಕ್ಟರು ಈಗ ಪರವಾಗಿಲ್ಲ ಅಂದಿದ್ದಾರೆ. ಮೆತ್ತಗೆ ಒಂದು ಫೇಶಿಯಲ್ ಮಾಡ್ತೀಯಾ?" ಎರಡು ವರ್ಷದಲ್ಲಿ ಮೊದಲನೇ ಸಲ ಅವಳ ಮುಖ ಮುಟ್ಟಿದ್ರೆ ಉರಿಯಲಿಲ್ಲ. ಆ ಫೋಟೋ ಅದು.

ಈಗ ಸಂಗಾತಿಯ ಪ್ರಶ್ನೆಗೆ ಬರ್ತೀನಿ.

ಅಂಬೇಡ್ಕರ್‌ವಾದಿಗಳಿಗೆ ಫೇಶಿಯಲ್ ಯಾಕೆ? ನಾನು ತಿರುಗಿ ಕೇಳ್ತೀನಿ, ನಮ್ಮ ಮುಖವನ್ನ ಈ ಊರು ಯಾವತ್ತು ಮುಟ್ಟಿತ್ತು? ನಮ್ಮಪ್ಪನಿಗೆ ಊರಲ್ಲಿ ಯಾರೂ ಗಡ್ಡ ಮಾಡ್ತಿರಲಿಲ್ಲ. ಕೇರಿಯ ಗಂಡಸರು ಹುಣಸೆಮರದ ಕೆಳಗೆ ಒಬ್ಬರ ಮುಖ ಒಬ್ಬರು ಕೆರ್ಕೋತಿದ್ರು, ಒಂದೇ ಬ್ಲೇಡು, ಬಟ್ಟೆ ಸೋಪು. ಕ್ಷೌರದ ಅಂಗಡಿಯವರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ, ಅವರೂ ಊರಿನ ಹಂಗಿನಲ್ಲಿ ಬದುಕಿದ ಜನ. "ನಿಮಗೆ ಮಾಡಿದ್ರೆ ಊರೋರು ನಮ್ಮತ್ರ ಬರಲ್ಲ" ಅನ್ನೋ ಮಾತಿನ ಹಿಂದೆ ಯಾರಿದ್ದಾರೆ ಅಂತ ನಮಗೆ ಗೊತ್ತು. 1955ರಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ಕೊಡೋ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಆದ್ರೂ ಕರ್ನಾಟಕದ ಯಾವುದೋ ಹಳ್ಳಿಯಲ್ಲಿ ದಲಿತರಿಗೆ ಕಟಿಂಗ್ ಮಾಡಲ್ಲ ಅಂದ ಸುದ್ದಿ ಇವತ್ತಿಗೂ ಪೇಪರಲ್ಲಿ ಬರ್ತಾನೇ ಇರುತ್ತೆ.

ಅಸ್ಪೃಶ್ಯತೆ ಅಂದ್ರೆ ಬಾವಿ, ದೇವಸ್ಥಾನ, ಹೋಟೆಲ್ ಲೋಟ ಮಾತ್ರ ಅಲ್ಲ. ಒಂದು ಮುಖವನ್ನ ಅಕ್ಕರೆಯಿಂದ ಮುಟ್ಟದೇ ಇರೋದೂ ಅಸ್ಪೃಶ್ಯತೆಯೇ. ಹಾಗಿರೋವಾಗ ನಮ್ಮ ಮಕ್ಕಳ ಮುಖವನ್ನ ನಾವೇ ಮುಟ್ಟಿ, ತೊಳೆದು, ಒರೆಸಿ, ಕೂತ್ಕೊಂಡು ನಗೋದು ಶೋಕಿ ಹೇಗಾಗುತ್ತೆ?

1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರಲ್ಲ, ಆಗಲೇ ಬಾಬಾಸಾಹೇಬರು ಅಲ್ಲಿ ಸೇರಿದ್ದ ಹೆಣ್ಣುಮಕ್ಕಳ ಹತ್ರ ಸೀರೆ ಬಗ್ಗೆ, ಒಡವೆ ಬಗ್ಗೆ ಮಾತಾಡಿದ್ರು. ನೋಡಿದ ತಕ್ಷಣ ಅಸ್ಪೃಶ್ಯರು ಅಂತ ಗುರುತು ಹೇಳೋ ಉಡುಗೆ ಬಿಡಿ, ಚೊಕ್ಕಟವಾಗಿ, ಮರ್ಯಾದೆಯಿಂದ ಉಡಿ ಅನ್ನೋದು ಆ ಮಾತಿನ ಸಾರ. ಅಷ್ಟು ದೊಡ್ಡ ಚಳವಳಿ ನಡುವೆ ಸೀರೆ ಉಡೋ ರೀತಿ ಅವರಿಗೆ ಸಣ್ಣ ವಿಷಯ ಅನ್ನಿಸಲಿಲ್ಲ. ಮೈ ಮೇಲಿನ ಘನತೆಯೂ ಹೋರಾಟವೇ ಅಂತ ಅವರಿಗೆ ಗೊತ್ತಿತ್ತು. ಅವರು ಗುರುತು ಅಳಿಸಿ ಅಂದದ್ದು ಬಟ್ಟೆಯ ವಿಷಯದಲ್ಲಿ. ಚರ್ಮ ಬದಲಾಯಿಸಿಕೊಳ್ಳಿ ಅನ್ನಲಿಲ್ಲ.

ಬಣ್ಣಕ್ಕೂ ಜಾತಿಗೂ ಗಂಟು ಹಾಕೋದೇ ಸುಳ್ಳು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಜನಾಂಗದ ಮೂಲದವರು, ಜಾತಿ ಅನ್ನೋದು ಜನಾಂಗದ ವಿಭಜನೆ ಅಲ್ಲ ಅಂತ 1936ರ ಜಾತಿ ವಿನಾಶದಲ್ಲೇ ಬಾಬಾಸಾಹೇಬರು ವಾದ ಮಾಡಿದ್ದಾರೆ. ನಮ್ಮ ಕಡೆ ಒಂದು ಗಾದೆ ಇದೆ, ಕಪ್ಪು ಬ್ರಾಹ್ಮಣನನ್ನೂ ಕೆಂಪು ಹೊಲೆಯನನ್ನೂ ನಂಬಬೇಡ ಅನ್ನೋ ಅರ್ಥದ್ದು. ಗಾದೆ ಕಟ್ಟಿದೋರ ಕಣ್ಣಿಗೇ ಎಲ್ಲಾ ಜಾತೀಲೂ ಎಲ್ಲಾ ಬಣ್ಣ ಕಾಣ್ತಿತ್ತು ಅಂತ ಆಯ್ತಲ್ಲ. ಕಂಡಮೇಲೂ ಕಪ್ಪನ್ನ ನಮ್ಮ ತಲೆಗೆ ಕಟ್ಟಿದ್ರು. ನಾವು ಅದನ್ನ ನಂಬಿ, ನಮ್ಮ ಮನೆಗೆ ಬರೋ ಸೊಸೆ ಬಣ್ಣ ಅಳೀತಿದ್ದೀವಿ.

ಸಂಗಾತಿ, ನಿಮ್ಮ ಸಿಟ್ಟು ಸರಿ ಇದೆ. ಅದು ಫೇಶಿಯಲ್ ಮೇಲೆ ಬೇಡ, "ಬಣ್ಣ ಕಮ್ಮಿ" ಅನ್ನೋ ಮಾತಿನ ಮೇಲೆ ಇರಲಿ.

ಇನ್ನು ನನ್ನ ಹಾಸ್ಟೆಲ್ ತಂಗಿಗೆ.

ಅಮ್ಮಾ, ನೇರ ಹೇಳ್ತೀನಿ. ಹುಟ್ಟಿದ ಬಣ್ಣ ಬದಲಾಯಿಸೋ ಫೇಶಿಯಲ್ ಇಲ್ಲ. ಚರ್ಮಕ್ಕೆ ಬಣ್ಣ ಕೊಡೋದು ಮೆಲನಿನ್. ಅದನ್ನ ತಯಾರಿಸೋ ಜೀವಕೋಶಗಳು ಕಪ್ಪಗಿರೋರಿಗೂ ಬೆಳ್ಳಗಿರೋರಿಗೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ತಯಾರಾಗೋ ಮೆಲನಿನ್ ಎಷ್ಟು, ಎಂಥದ್ದು ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ಬಿಸಿಲಿನ ಅತಿನೇರಳೆ ಕಿರಣದಿಂದ ನಿನ್ನ ಕಾಪಾಡ್ತಿರೋದು ಅದೇ. ಫೇಶಿಯಲ್ ಮಾಡೋದು ಇಷ್ಟೇ: ಮೇಲಿನ ಸತ್ತ ಚರ್ಮ, ಎಣ್ಣೆ, ಧೂಳು ತೆಗೆದು ತೇವ ಕೊಡುತ್ತೆ. ನುಣುಪಾದ, ತೇವ ಇರೋ ಚರ್ಮದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತೆ. ಆ ಹೊಳಪು ಕಪ್ಪು ಮುಖಕ್ಕೂ ಬರುತ್ತೆ.

ಹಾಗಾದ್ರೆ "ಬೆಳ್ಳಗಾಗೋದು" ಹೇಗೆ ಅಂತೀಯಾ? ಎರಡು ವಿಷದ ಕತೆ ಕೇಳು.

ಒಂದು ಸ್ಟಿರಾಯ್ಡ್. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಅನ್ನೋ ಹೆಸರು ಟ್ಯೂಬಿನ ಮೇಲೆ ಇದ್ರೆ ಅದು ಔಷಧಿ. ಕೆಲವು ಚರ್ಮರೋಗಕ್ಕೆ ಡಾಕ್ಟರು ಕೆಲವೇ ದಿನಕ್ಕೆ ಕೊಡೋದು. ಮೊಮೆಟಾಸೋನ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿಸಿದ ಕ್ರೀಮು ಬಂಗಿನ ಚಿಕಿತ್ಸೆಗೆ ಇದೆ. ಅದನ್ನೇ ನಮ್ಮ ಹುಡುಗಿಯರು ಸ್ನೋ ಥರ ತಿಂಗಳುಗಟ್ಟಲೆ ಹಚ್ತಾರೆ. ಇಂಥ ಹಚ್ಚೋ ಸ್ಟಿರಾಯ್ಡ್‌ಗಳನ್ನ 2018ರಲ್ಲಿ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಈಗಾಗ್ಲೇ ತಿಂಗಳುಗಳಿಂದ ಹಚ್ತಾ ಇದ್ರೆ ಇದನ್ನ ಓದಿ ಗಾಬರಿಯಾಗಿ ಸುಮ್ಮನೆ ಕೂರಬೇಡ. ಟ್ಯೂಬು ಕೈಯಲ್ಲಿ ಹಿಡ್ಕೊಂಡು ಚರ್ಮದ ಡಾಕ್ಟರ ಹತ್ರ ಹೋಗು. ಬಿಟ್ಟಾಗ ಮುಖ ಉರಿದು ಊದೋದು ಸಹಜ, ಅದನ್ನ ನೋಡ್ಕೊಳ್ಳೋಕೆ ಅವರಿಗೆ ಗೊತ್ತು.

ಇನ್ನೊಂದು ಪಾದರಸ. ಮೆಲನಿನ್ ತಯಾರಾಗದ ಹಾಗೆ ಅದು ತಡೆಯುತ್ತೆ. ಜೊತೆಗೆ ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿ ಹಾಳು ಮಾಡುತ್ತೆ. ಮಿನಮಾಟ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಸೌಂದರ್ಯವರ್ಧಕಗಳಲ್ಲಿ ಪಾದರಸಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗದ ಮಿತಿ ಹಾಕಿತು, ಭಾರತ 2018ರಲ್ಲಿ ಅದನ್ನ ಅನುಮೋದಿಸಿದೆ. ಆದರೂ 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದವರನ್ನ ವಿಚಾರಿಸಿದಾಗ, ಹಲವರು ಬೆಳ್ಳಗಾಗೋ ಕ್ರೀಮ್ ಹಚ್ತಿದ್ದದ್ದು ವೈದ್ಯರ ಗಮನಕ್ಕೆ ಬಂತು. ಯಾರು ತಯಾರಿಸಿದ್ದು, ಒಳಗೆ ಏನಿದೆ ಅಂತ ಬರೆಯದ ಡಬ್ಬಿ ಮುಟ್ಟಬೇಡ. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಅಂತ ಇದ್ರೂ ಬೇಡ. "ಚಿನ್ನ ಬೆಳ್ಳಿಗೆ ತಾಗಿಸಬೇಡಿ" ಅಂತ ಬರೆದಿದ್ರೆ ಅದೂ ಪಾದರಸದ ಸುಳಿವೇ.

ಅಡುಗೆಮನೆ ಸಾಮಾನೆಲ್ಲ ಸುರಕ್ಷಿತ ಅಂತಲೂ ಅಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದ್ರೆ ಬೊಬ್ಬೆ ಬಂದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಮುಖಕ್ಕಲ್ಲ. ಪಾರ್ಲರ್ ಬ್ಲೀಚು ಬೆಳ್ಳಗೆ ಮಾಡೋದು ಮುಖದ ಮೇಲಿನ ಸಣ್ಣ ಕೂದಲನ್ನ, ಚರ್ಮಕ್ಕೆ ಸಿಗೋದು ಉರಿ. ಸಕ್ಕರೆ, ಅಕ್ಕಿ ತರಿ ಹಾಕಿ ಗಸಗಸ ಉಜ್ಜಬೇಡ. ನಮ್ಮಂಥ ಬಣ್ಣದ ಚರ್ಮ ಗಾಯಕ್ಕೆ, ಉರಿಗೆ ಕಪ್ಪು ಕಲೆಯಿಂದ ಉತ್ತರ ಕೊಡುತ್ತೆ. ಬೆಳ್ಳಗಾಗಲಿ ಅಂತ ತಿಕ್ಕಿದಷ್ಟೂ ಕಪ್ಪಾಗೋದು ಅದಕ್ಕೇ.

ಈಗ ಫೇಶಿಯಲ್. ನಾನು ಅಕ್ಕನ ಮಗಳಿಗೆ ಮಾಡಿದ್ದು ಹೀಗೆ.

ಹಿಂದಿನ ದಿನವೇ ಹಚ್ಚೋದನ್ನ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ತೊಳೆದು, ಒಂದು ದಿನ ಪೂರ್ತಿ ನೋಡಿದ್ವಿ. ಕೆರೆತ, ಕೆಂಪು ಇಲ್ಲ ಅಂದಮೇಲೇ ಮುಖಕ್ಕೆ.

ಸಂಜೆ ಹೊತ್ತು ಮಾಡಿದ್ವಿ, ಆಮೇಲೆ ಬಿಸಿಲಿಗೆ ಹೋಗೋದು ಇರಬಾರದು ಅಂತ. ನಾನು ಮೊದಲು ಕೈ ತೊಳ್ಕೊಂಡೆ. ಅವಳ ಕೂದಲು ಹಿಂದಕ್ಕೆ ಕಟ್ಟಿ, ಉಗುರುಬೆಚ್ಚಗಿನ ನೀರು, ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದೆ. ಬಟ್ಟೆ ಸೋಪು ಬೇಡವೇ ಬೇಡ.

ಕುದಿಯೋ ಪಾತ್ರೆ ಮೇಲೆ ಬಗ್ಗಿ ಹಬೆ ತಗೊಳ್ಳೋ ಅಗತ್ಯ ಇಲ್ಲ. ಮುಖ ಸುಟ್ಟುಕೊಂಡವರಿದ್ದಾರೆ. ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಎರಡು ನಿಮಿಷ ಮುಖದ ಮೇಲಿಟ್ಟರೆ ಸಾಕು.

ಜರಡಿ ಹಿಡಿದ ನುಣ್ಣನೆ ಕಡ್ಲೆಹಿಟ್ಟು ಎರಡು ಚಮಚ, ತಾಜಾ ಮೊಸರು ಎರಡು ಚಮಚ. ಮೊಸರಲ್ಲಿ ಲ್ಯಾಕ್ಟಿಕ್ ಆಮ್ಲ ಇರುತ್ತೆ, ಅದಕ್ಕೇ ಒರಟಾಗಿ ಉಜ್ಜೋ ಕೆಲಸ ಇಲ್ಲ. ಬೆರಳ ತುದಿಯಲ್ಲಿ ತೆಳ್ಳಗೆ ಹಚ್ಚಿ, ಕಣ್ಣು ತುಟಿ ಸುತ್ತ ಬಿಟ್ಟು, ಹತ್ತು ನಿಮಿಷ. ಒಣಗಿ ಬಿರುಕು ಬಿಡೋ ತನಕ ಕಾಯಬಾರದು, ಅದು ಚರ್ಮದ ತೇವ ಎಳ್ಕೊಳ್ಳುತ್ತೆ. ಹಸಿ ಇರೋವಾಗಲೇ ನೀರು ಚಿಮುಕಿಸಿ, ನಿಧಾನಕ್ಕೆ ಬೆರಳಾಡಿಸಿ ತೊಳೀಬೇಕು. ಉರಿ ಅಂತ ಅನ್ನಿಸಿದ ಕ್ಷಣವೇ ತೊಳೆದುಬಿಡಿ. "ಉರಿದ್ರೆ ಕೆಲಸ ಮಾಡ್ತಿದೆ" ಅನ್ನೋ ಮಾತು ಸುಳ್ಳು.

ಮೆತ್ತನೆ ಬಟ್ಟೇಲಿ ಒತ್ತಿ ಒರೆಸಿ, ಸ್ವಲ್ಪ ಹಸಿ ಇರೋವಾಗಲೇ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿದೆ. ಒಣ ಚರ್ಮದೋರಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿದ್ರೂ ಆಗುತ್ತೆ. ಗುಳ್ಳೆ ಇರೋರು ಕೊಬ್ಬರಿ ಎಣ್ಣೆ ಮುಖಕ್ಕೆ ಹಚ್ಚಬೇಡಿ, ರಂಧ್ರ ಮುಚ್ಚಿ ಜಾಸ್ತಿಯಾಗುತ್ತೆ. ಲೋಳೆಸರ ಹಾಕೋದಾದ್ರೆ ಎಲೆ ಕತ್ತರಿಸಿ ಹಳದಿ ರಸ ಪೂರ್ತಿ ಇಳಿಸಿ, ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ತಗೊಳ್ಳಿ.

ಇಷ್ಟೇ. ತಿಂಗಳಿಗೊಂದು ಸಲ ಸಾಕು, ಮೇಲ್ಪದರದ ಚರ್ಮ ಹೊಸದಾಗೋಕೆ ಹೆಚ್ಚುಕಡಿಮೆ ನಾಲ್ಕು ವಾರ ಬೇಕು. ಮದುವೆ, ಫಂಕ್ಷನ್ ಇದ್ರೆ ನಾಲ್ಕೈದು ದಿನ ಮುಂಚೆ ಮಾಡ್ಕೊಳ್ಳಿ, ಹಿಂದಿನ ದಿನ ಬೇಡ. ಕೀವು ಗುಳ್ಳೆ, ಗಾಯ ಇದ್ರೆ, ಆಗಷ್ಟೇ ಥ್ರೆಡಿಂಗ್, ವ್ಯಾಕ್ಸ್ ಮಾಡಿಸಿದ್ರೆ, ಡಾಕ್ಟರು ಮುಖಕ್ಕೆ ಔಷಧಿ ಕೊಟ್ಟಿದ್ರೆ ಅವರನ್ನ ಕೇಳದೆ ಬೇಡ.

ಹಗಲಲ್ಲಿ ಹೊರಗೆ ಹೋಗೋರು ಎಸ್‌ಪಿಎಫ್ 30 ಇಲ್ಲವೇ ಅದಕ್ಕಿಂತ ಜಾಸ್ತಿ ಇರೋ ಸನ್‌ಸ್ಕ್ರೀನ್ ಹಚ್ಚಿ. ಅದು ಬೆಳ್ಳಗೆ ಮಾಡಲ್ಲ, ಇರೋ ಕಲೆ ಇನ್ನೂ ಕಪ್ಪಾಗದ ಹಾಗೆ ನೋಡ್ಕೊಳ್ಳುತ್ತೆ. ಅದಕ್ಕೆ ದುಡ್ಡಿಲ್ಲ ಅನ್ನೋರಿಗೆ ನೆರಳು, ಸೆರಗು, ಅಗಲ ಅಂಚಿನ ಟೋಪಿ. ಬೆಳಗ್ಗೆ ಆರಕ್ಕೆಲ್ಲ ಪೊರಕೆ ಹಿಡಿಯೋ ನಮ್ಮ ಪೌರಕಾರ್ಮಿಕ ಅಕ್ಕಂದಿರಿಗೆ, ಇಟ್ಟಿಗೆ ಗೂಡಲ್ಲಿ, ಹೊಲದಲ್ಲಿ ದುಡಿಯೋರಿಗೆ ನೆರಳೂ ಸಿಗಲ್ಲ. ಅವರಿಗೆ ಟೋಪಿ, ಮಾಸ್ಕ್, ಕೆಲಸ ಮುಗಿದ ಮೇಲೆ ಮುಖ ತೊಳೆಯೋಕೆ ಒಂದು ನಲ್ಲಿ, ಕನ್ನಡಿ ಇರೋ ಕೋಣೆ ಕೊಡಿ ಅಂತ ಕೇಳೋದೂ ಚರ್ಮದ ಆರೈಕೆಯ ಪ್ರಶ್ನೆಯೇ. ಯೂನಿಯನ್‌ನವರು ನೆನಪಿಟ್ಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದ್ರೆ ಅದು ಕೊಳೆ ಅಲ್ಲ. ಬಹಳ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಸೂಚನೆ. "ಸರಿಯಾಗಿ ಸ್ನಾನ ಮಾಡಲ್ವಾ" ಅಂತ ಮಕ್ಕಳನ್ನ ಬೈದು ಕಲ್ಲಲ್ಲಿ ಉಜ್ಜಬೇಡಿ. ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ.

ಕಂಪನಿಗಳ ವಿಷಯಕ್ಕೂ ಒಂದು ಮಾತು. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆ ಆಗಿ ಕಪ್ಪುಜನರ ಹೋರಾಟ ಎದ್ದಮೇಲೆ ಇಲ್ಲಿ ಅದರ ಹೆಸರು ಗ್ಲೋ ಅಂಡ್ ಲವ್ಲಿ ಆಯ್ತು. ಅದೇ ಸಮಯದಲ್ಲಿ ಶಾದಿ ಡಾಟ್ ಕಾಮ್ ಬಣ್ಣದ ಮೇಲೆ ವಧು ಹುಡುಕೋ ಆಯ್ಕೆ ತೆಗೀತು. ಒಳ್ಳೇದೇ. ಆದ್ರೆ "ಫೇರ್" ಹೋಗಿ "ಗ್ಲೋ", "ಬ್ರೈಟ್" ಬಂದ ಮಾತ್ರಕ್ಕೆ ಹೆಣ್ಣು ನೋಡೋಕೆ ಬರೋರ ಕಣ್ಣು ಬದಲಾಗಲಿಲ್ಲ. ಆ ಕಣ್ಣು ನಮ್ಮದೂ ಹೌದು. ನಾನು ಗಲ್ಲ ಹಿಡಿದು ಹೇಳಿದ ಮಾತು ಯಾವ ಜಾಹೀರಾತಿಗಿಂತ ಕಮ್ಮಿ ಇತ್ತು?

ಅದಕ್ಕೇ ನಮ್ಮ ಸಂಘಟನೆಗಳಿಗೆ ಮೂರು ಕೋರಿಕೆ. ಸಮಾಜ ಕಲ್ಯಾಣ ಇಲಾಖೆಯ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿಗೆ ಏಪ್ರಿಲ್ 14ಕ್ಕೆ ಭಾಷಣಕ್ಕೆ ಹೋಗ್ತೀವಲ್ಲ, ಈ ಸಲ ಒಬ್ಬ ಚರ್ಮದ ಡಾಕ್ಟರನ್ನೂ ಕರ್ಕೊಂಡು ಹೋಗೋಣ. ಚೀಟಿ ಇಲ್ಲದೆ ಸ್ಟಿರಾಯ್ಡ್ ಕೊಡೋ ಅಂಗಡಿ ಕಂಡ್ರೆ ಬಿಲ್ ಕೇಳೋಣ, ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆಯೋಣ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಸಂಬಂಧ ನೋಡೋಕೆ ಹೋದಾಗ ಬಣ್ಣದ ಮಾತು ಬಂದ್ರೆ ಅಲ್ಲೇ ತಡೆಯೋಣ, ನಮ್ಮ ಅಣ್ಣತಮ್ಮಂದಿರೇ ಆಡಿದ್ರೂ.

ತಂಗೀ, ಮುಂದಿನ ತಿಂಗಳು ಗಂಡಿನ ಕಡೆಯೋರು ಬರಲಿ. ಬೇಕಿದ್ರೆ ನಾಲ್ಕು ದಿನ ಮುಂಚೆ ಗೆಳತಿ ಹತ್ರ ಈ ಫೇಶಿಯಲ್ ಮಾಡಿಸ್ಕೋ, ನೀನೂ ಅವಳಿಗೆ ಮಾಡು. ಮುಖ ಫಳಫಳ ಅನ್ನುತ್ತೆ, ಬಣ್ಣ ನಿಂದೇ ಇರುತ್ತೆ. ಅದನ್ನ ನೋಡಿ "ಕಮ್ಮಿ" ಅಂದ್ರೆ, ಕಮ್ಮಿ ಇರೋದು ಅವರಲ್ಲಿ. ಕಾಫಿ ಕೊಟ್ಟು ಕಳಿಸು.

ನಮ್ಮ ಅಕ್ಕನ ಮಗಳು ಆ ದಿನ ಎದ್ದು ಮುಖ ಒರೆಸ್ಕೊಂಡು ಕನ್ನಡಿ ನೋಡ್ಕೊಂಡ್ಲು. ನಾನು ಈ ಸಲ ಏನೂ ಹೇಳಲಿಲ್ಲ. ಅವಳೇ ಹೇಳಿದ್ಲು: "ಉರೀತಿಲ್ಲ ಚಿಕ್ಕಮ್ಮ."

ಜೈ ಭೀಮ್.